ಕಂಬ ಬೇಡ ಅಂದರೆ ಬೀಮಿಗೆ ಎತ್ತರ ಕೊಡಿ

ಕೆಳಗೆ ವರ್ಕ್‌ಶಾಪ್, ಮೇಲೆ ಮನೆ ಅಂತ ಪ್ಲಾನ್ ಹಾಕುವ ನಮ್ಮ ಗೋಣಿಕೊಪ್ಪ ಕಡೆಯ ಗೆಳೆಯರು ಮೊದಲು ಹೇಳುವುದು ಒಂದೇ ಮಾತು: ನಡುವೆ ಕಂಬ ಬರಬಾರದು. ಸರಿಯಾದ ಆಸೆಯೇ. ಪಿಕಪ್ ಒಳಗೆ ಬಂದು ತಿರುಗಬೇಕು, ಜೀಪಿನ ಇಂಜಿನ್ ಇಳಿಸಬೇಕು, ಮಧ್ಯೆ ಪಿಲ್ಲರ್ ಇದ್ದರೆ ದಿನವೂ ಗೋಳು. ಆದರೆ ಅದೇ ಜನ ಬೀಮಿನ ಎತ್ತರ ತಗ್ಗಿಸಿ ಗೋಡೆಯ ಎತ್ತರದಲ್ಲಿ ಒಂದು ಅಡಿ ಉಳಿಸಲು ಹೋಗುತ್ತಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಉದ್ದ ಎರಡು ಪಟ್ಟಾದರೆ ಜಂತಿ (ಮೇಲಿನ ನೆಲವನ್ನು ಹೊರುವ ಮರದ ತೊಲೆ) ಬಾಗುವುದು ಎರಡು ಪಟ್ಟಲ್ಲ, 16 ಪಟ್ಟು! 12 ಅಡಿ ಕೋಣೆಗೆ ಸಾಕಾದದ್ದು 24 ಅಡಿಗೆ ಏನೇನೂ ಸಾಲದು. ಮುರಿದು ಬೀಳದಿದ್ದರೂ, ಮಗು ಓಡಿದರೆ ಶೋಕೇಸಿನ ಲೋಟಗಳು ಗಲಗಲ ಅನ್ನುತ್ತವೆ, ಟೈಲ್ಸ್ ಬಿರುಕು ಬಿಡುತ್ತದೆ. ಇದಕ್ಕೆ ಮದ್ದು ಎತ್ತರ. 8 ಇಂಚು ಎತ್ತರದ ಜಂತಿಯನ್ನು 10 ಇಂಚು ಮಾಡಿ, ಮರ ಕಾಲು ಭಾಗ ಮಾತ್ರ ಜಾಸ್ತಿ, ಬಿಗಿ ಹೆಚ್ಚುಕಮ್ಮಿ ಎರಡು ಪಟ್ಟು. ಅಗಲ ಹೆಚ್ಚಿಸಿ ಅಷ್ಟೇ ಬಿಗಿ ಬೇಕು ಅಂದರೆ ಮರವೂ ಎರಡು ಪಟ್ಟು ಬೇಕು.

ತೋಟದಲ್ಲೇ ಸಿಲ್ವರ್ ಓಕ್ ಇದೆಯಲ್ಲ, ಕೊಯ್ದು ಹಾಕಿದರಾಯಿತು ಅನ್ನುವವರಿದ್ದಾರೆ. ಹಸಿ ಮರದ ಮೇಲೆ ಭಾರ ಹೇರಿದರೆ ಅದು ಒಣಗುತ್ತಾ ಜೋಲುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಮರ ಒಣಗುವುದಾದರೂ ಯಾವಾಗ? ಜೊತೆಗೆ ಕೆಳಗೆ ವೆಲ್ಡಿಂಗ್ ಕಿಡಿ, ಪೆಟ್ರೋಲು. ಮೇಲೆ ಮಕ್ಕಳು ಮಲಗುವ ಮನೆಗೆ ಮರದ ನೆಲ ಬೇಡ ಅಂತಲೇ ನಾನು ಹೇಳುವುದು.

ನನ್ನ ಆಯ್ಕೆ ಉಕ್ಕಿನ ಐ ಬೀಮ್, ಅಂದರೆ ಇಂಗ್ಲಿಷಿನ I ಆಕಾರದ ತೊಲೆ. ಕಟ್ಟಡದ ಅಗಲ ಕಡಿಮೆ ಇರುವ ದಿಕ್ಕಿಗೆ ಹಾಕಿ, ಮೇಲೆ ಡೆಕ್ ಶೀಟ್ (ಏರಿಳಿತದ ಉಕ್ಕಿನ ತಗಡು), ಅದರ ಮೇಲೆ ಕಾಂಕ್ರೀಟ್. ಸೆಂಟ್ರಿಂಗ್ ಹಲಗೆಯ ರಗಳೆ ಇಲ್ಲ. ಕಾಂಕ್ರೀಟಿನ ತೂಕವೇ ನಡೆದಾಡುವಾಗಿನ ಅದುರುವಿಕೆಯನ್ನು ತಗ್ಗಿಸುತ್ತದೆ. ಜನ, ಸಾಮಾನಿನ ಭಾರಕ್ಕೆ ಬೀಮ್ ತನ್ನ ಉದ್ದದ 360ನೇ ಒಂದು ಭಾಗಕ್ಕಿಂತ ಜಾಸ್ತಿ ಬಾಗಬಾರದು ಅನ್ನುವುದು ರೂಢಿಯಲ್ಲಿರುವ ಮಿತಿ. 24 ಅಡಿಗೆ ಅದು ಸುಮಾರು 20 ಮಿಲಿಮೀಟರ್. ಇಂಜಿನಿಯರ್ ಹತ್ತಿರ ಈ ಲೆಕ್ಕವನ್ನು ಕೇಳಿಯೇ ಪಡೆಯಿರಿ. ತಡೆಯುತ್ತದಾ ಅಂತ ಮಾತ್ರ ಕೇಳಿ ಸುಮ್ನೆ ಬರಬೇಡಿ. ಉಕ್ಕೂ ಬೆಂಕಿಗೆ ಸೋಲುತ್ತದೆ, 550 ಡಿಗ್ರಿ ಆಸುಪಾಸಿನಲ್ಲಿ ಬಲ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ ಬೆಂಕಿ ತಡೆಯುವ ಬಣ್ಣವನ್ನೋ ಬೋರ್ಡನ್ನೋ ಖರ್ಚಿನಲ್ಲಿ ಸೇರಿಸಿ.

ಬೀಮಿನ ತುದಿಗಳನ್ನು ಯಾರೂ ಗಮನಿಸುವುದಿಲ್ಲ. 24 ಅಡಿಯ ಬೀಮುಗಳನ್ನು 8 ಅಡಿಗೊಂದರಂತೆ ಹಾಕಿದರೆ ಪ್ರತಿ ತುದಿಯಲ್ಲೂ ಸುಮಾರು 5 ಟನ್ ಕೂರುತ್ತದೆ. ಅದನ್ನು ಹಾಲೋ ಬ್ಲಾಕ್ ಗೋಡೆ ಮೇಲೆ ಇಡಬೇಡಿ, ಗೋಡೆಯೊಳಗೆ ಕಾಂಕ್ರೀಟ್ ಪಿಲ್ಲರ್ ಬರಲಿ. ತುದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದೇ ಮೇಲೆತ್ತಿ, ಗೋಡೆಯೊಳಗೆ ಹೋದ ಮೇಲೆ ಕೈ ಹಾಕಲಾಗದು.

ಕಾಫಿ ಮೂಟೆ ಇಡುವ ಯೋಚನೆ ಇದ್ದರೆ ಮೊದಲೇ ಹೇಳಿಬಿಡಿ. ಮನೆಯ ಕೋಣೆಗೆ ಹಿಡಿಯುವ ಲೆಕ್ಕ ಚದರ ಮೀಟರ್‌ಗೆ 200 ಕೆಜಿ. 50 ಕೆಜಿಯ ಮೂಟೆ ಐದು ಪೇರಿಸಿದರೆ ಅರ್ಧ ಚದರ ಮೀಟರಿನಲ್ಲೇ 250 ಕೆಜಿ ಆಯಿತಲ್ವಾ? ಮೂಟೆಯ ಜಾಗವನ್ನು ನಕ್ಷೆಯಲ್ಲೇ ಗುರುತು ಹಾಕಿಸಿ. ಬೀಮಿನ ನಡುಭಾಗದಲ್ಲಿ ಬೇಡ, ಗೋಡೆ ಪಕ್ಕದಲ್ಲಿರಲಿ.