ಕ್ಷುದ್ರಗ್ರಹದ ಹೆಸರು ಮಾರಾಟಕ್ಕಿಲ್ಲ: ಒಂದು ಸ್ಪಷ್ಟನೆ
ದಾವಣಗೆರೆಯ ಪೋಷಕರ ವಾಟ್ಸಾಪ್ ಗ್ರೂಪುಗಳಲ್ಲಿ ‘ದುಡ್ಡು ಕಟ್ಟಿ, ಕ್ಷುದ್ರಗ್ರಹಕ್ಕೆ ನಿಮ್ಮ ಮಗುವಿನ ಹೆಸರು ಇಡಿಸಿ’ ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ಸುಳ್ಳು.

ಕ್ಷುದ್ರಗ್ರಹ ಅಂದ್ರೆ ಸೂರ್ಯನ ಸುತ್ತ ತಿರುಗುವ ಸಣ್ಣ ಬಂಡೆಯಂಥ ಕಾಯ. ಅದರ ಕಕ್ಷೆ, ಅಂದ್ರೆ ತಿರುಗುವ ದಾರಿ, ಖಚಿತವಾದ ಮೇಲೆ ಅದಕ್ಕೊಂದು ನಂಬರ್ ಸಿಗುತ್ತದೆ. ಆಮೇಲೆ ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದ್ದು, ಅದೂ 10 ವರ್ಷದವರೆಗೆ. ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ. ಇದರಲ್ಲಿ ದುಡ್ಡಿನ ಮಾತೇ ಇಲ್ಲ. ಚೆಸ್‌ನ ವಿಶ್ವನಾಥನ್ ಆನಂದ್ ಹೆಸರಿನ 4538ನೇ ನಂಬರಿನ ಕ್ಷುದ್ರಗ್ರಹ, ಗಾಯಕ ಪಂಡಿತ್ ಜಸರಾಜ್ ಹೆಸರಿನ 300128ನೇ ನಂಬರಿನದ್ದು, ಎರಡಕ್ಕೂ ಒಪ್ಪಿಗೆ ಕೊಟ್ಟಿದ್ದು ಈ ಒಕ್ಕೂಟದ ಸಮಿತಿಯೇ. ರಾಜಕಾರಣಿಯ ಹೆಸರು ಇಡೋದಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ನಮ್ಮ ಫ್ಲೆಕ್ಸ್ ಹಾಕೋರಿಗೆ ಸ್ವಲ್ಪ ಬೇಜಾರಾಗಬಹುದು, ಅಲ್ವಾ?

ಹಣ ಕಟ್ಟಿದರೆ ಸಿಗೋದು ಸುಮ್ನೆ ಒಂದು ಬಣ್ಣದ ಕಾಗದ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.