ಮುಚ್ಚಳ ಹಾಕಿದರೆ ಮೈಲೇಜ್ ಬರ್ತದಂತೆ!

ಇವತ್ತು ಮಂಗಳೂರಿನ ಕಂಕನಾಡಿ ಹತ್ತಿರದ ಒಂದು ಅಂಗಡಿಯಲ್ಲಿ ತಲೆ ಕೆಟ್ಟಿತು. ಪಿಕಪ್‌ನ ಹಿಂದೆ ಹಾಕುವ ಗಟ್ಟಿ ಮುಚ್ಚಳಕ್ಕೆ 40 ಸಾವಿರ ಹೇಳಿದ. ಹೇಳಲಿ, ಅವನ ವ್ಯಾಪಾರ. ಆದರೆ "ಲೀಟರಿಗೆ 2 ಕಿಲೋಮೀಟರ್ ಜಾಸ್ತಿ ಬರ್ತದೆ ಸರ್, ಹಾಕಿದ ದುಡ್ಡು ಡೀಸೆಲ್‌ನಲ್ಲೇ ವಾಪಸ್" ಅಂದನಲ್ಲ, ಅಲ್ಲಿ ಉರಿಯಿತು. ನನ್ನ ಗಾಡಿ ಕೊಡುವುದೇ 12. ಒಂದು ಮುಚ್ಚಳಕ್ಕೆ 14 ಆಗುವುದಾದರೆ ಕಂಪನಿಯವರು ಹಾಕಿಯೇ ಕಳಿಸುತ್ತಿರಲಿಲ್ಲವಾ ಮಾರಾಯ್ರೇ?

ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಕ್ಯಾಬಿನ್ ದಾಟಿದ ಗಾಳಿ ತೆರೆದ ಬಾಡಿಯೊಳಗೆ ಸುತ್ತು ಹೊಡೆಯುತ್ತದೆ. ಮುಚ್ಚಳ ಇದ್ದರೆ ಅದರ ಮೇಲೆ ಸ್ವಲ್ಪ ನಯವಾಗಿ ಜಾರುತ್ತದೆ. ಆದರೆ ಗಾಳಿಯ ತಡೆ ಜೋರಾಗುವುದು ವೇಗದಲ್ಲಿ. 40ರಿಂದ 80ಕ್ಕೆ ಹೋದರೆ ತಡೆ ನಾಲ್ಕು ಪಟ್ಟು. ಅಂದರೆ ಲಾಭ ಏನಿದ್ದರೂ ಹೈವೇಯಲ್ಲಿ ಒಂದೇ ಸಮ ಓಡಿದಾಗ. ನಂತೂರು ಸರ್ಕಲ್‌ನಲ್ಲಿ ಫಸ್ಟ್ ಗೇರಲ್ಲಿ ತೆವಳುವವನಿಗೆ ಯಾವ ಗಾಳಿ?

ಹೋಗಲಿ, 100ಕ್ಕೆ 2ರಷ್ಟು ಡೀಸೆಲ್ ಉಳಿಯಿತು ಎಂದೇ ಹಿಡಿಯಿರಿ. ತಿಂಗಳಿಗೆ 1,500 ಕಿ.ಮೀ. ಓಡಿದರೆ ನನಗೆ 125 ಲೀಟರ್ ಬೇಕು. ಉಳಿಯುವುದು ಎರಡೂವರೆ ಲೀಟರ್. ಲೀಟರಿಗೆ 90 ರೂಪಾಯಿ ಇಟ್ಟರೆ 225. ಅವನ 40 ಸಾವಿರ ವಾಪಸ್ ಬರಲು ಹತ್ತಿರ ಹತ್ತಿರ 15 ವರ್ಷ! ಅಷ್ಟರಲ್ಲಿ ನಮ್ಮ ಉಪ್ಪುಗಾಳಿಗೆ ಬಾಡಿಯೇ ತುಕ್ಕು ಹಿಡಿದು ಉದುರಿರುತ್ತದೆ, ಮುಚ್ಚಳ ಎಲ್ಲಿಗೆ ಹಾಕುವುದು?

ಟಯರಿಗೆ ಸರಿಯಾಗಿ ಗಾಳಿ ಹೊಡೆಸಿ ಅಂದಿದ್ದರೆ ಕೇಳುತ್ತಿದ್ದೆ. ಆ ಗಾಳಿಯಲ್ಲಿ ಮೈಲೇಜ್ ಉಂಟು, ಖರ್ಚೂ ಇಲ್ಲ.

ಸಿಟ್ಟು ಯಾಕೆಂದರೆ, ನನಗೆ ಆ ಮುಚ್ಚಳ ನಿಜವಾಗಿ ಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟರ್ಪಾಲ್ ಕಟ್ಟಿ ಬಿಚ್ಚಿ ಸಾಕಾಗಿದೆ. "ಮಳೆಗೆ ಸಾಮಾನು ನೆನೆಯುವುದಿಲ್ಲ" ಅಂದಿದ್ದರೆ ಸುಮ್ನೆ ದುಡ್ಡು ಕೊಟ್ಟು ಬರುತ್ತಿದ್ದೆ. ಒಳ್ಳೆಯ ವಸ್ತುವನ್ನು ಸುಳ್ಳು ಹೇಳಿ ಯಾಕೆ ಮಾರುತ್ತಾರೋ.

ಇಷ್ಟು ಕೂಗುವ ನಾನೂ ಬುದ್ಧಿವಂತನೇನಲ್ಲ. ಭಾವನ ಮಾತು ಕೇಳಿ ಎರಡು ವರ್ಷ ಕಾಲ ಪಿಕಪ್‌ನ ಹಿಂಬದಿಯ ಡೋರ್ ಇಳಿಸಿಕೊಂಡೇ ಉಡುಪಿಗೆ ಹೋಗಿ ಬಂದವನು. ಗಾಳಿ ಸಲೀಸಾಗಿ ಹೊರಗೆ ಹೋಗುತ್ತದಂತೆ! ಆಗುವುದು ಉಲ್ಟಾ. ಡೋರ್ ಹಾಕಿದ್ದರೆ ಒಳಗೆ ಸುತ್ತುವ ಗಾಳಿಯೇ ಮೆತ್ತೆಯ ಹಾಗೆ ನಿಂತು ಮೇಲಿನ ಗಾಳಿಯನ್ನು ದಾಟಿಸುತ್ತದೆ. ಇಳಿಸಿದರೆ ಆ ಸುತ್ತು ಒಡೆದು ತಡೆ ಹೆಚ್ಚುತ್ತದೆ. ಮೈಲೇಜಂತೂ ಬರಲಿಲ್ಲ. ಮೂಲ್ಕಿ ಸೇತುವೆ ಮೇಲೆ ಒಂದು ಮೂಟೆ ತೆಂಗಿನಕಾಯಿ ಹೋಯಿತು. ಹಿಂದಿನ ಬಸ್ಸಿನವ ಹಾರ್ನ್ ಹೊಡೆದ ಮೇಲೆಯೇ ನನಗೆ ಗೊತ್ತಾದದ್ದು. ಭಾವ, ಓದುತ್ತಿದ್ದರೆ ಕೇಳಿ, ಆ ತೆಂಗಿನಕಾಯಿಯ ದುಡ್ಡು ಇನ್ನೂ ಬಾಕಿ ಉಂಟು.