ಹತ್ತು ಪರ್ಸೆಂಟಿನ ಸಾಚಾತನ

ನಮ್ಮ ಕಡೆಯ ವಿಶ್ವವಿದ್ಯಾಲಯವೊಂದರ ಗೇಟಿನೆದುರು ಜೆರಾಕ್ಸ್ ಅಂಗಡಿಯಿದೆ. ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್, ಪಾಸ್‌ಪೋರ್ಟ್ ಫೋಟೊ. ಅದರ ಕೆಳಗೆ ಹೊಸ ಪೇಂಟು: ‘ಥೀಸಿಸ್ ಪರ್ಸೆಂಟೇಜ್ ಇಳಿಸಿಕೊಡಲಾಗುವುದು’. ಶುಗರ್ ಇಳಿಸುವ ಡಾಕ್ಟರೂ ಇಷ್ಟು ಖಾತ್ರಿಯಾಗಿ ಬೋರ್ಡು ಹಾಕುವುದಿಲ್ಲ.

ಎಲ್ಲ ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದ ಕೃಪೆ. ಥೀಸಿಸ್ಸಿಗೂ ಬೇರೆಯವರ ಬರಹಕ್ಕೂ ಎಷ್ಟು ಹೋಲಿಕೆಯೆಂದು ಯಂತ್ರ ಎಣಿಸುತ್ತದೆ. ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. 40ರವರೆಗೆ ಆರು ತಿಂಗಳೊಳಗೆ ತಿದ್ದಿ ತನ್ನಿ. 60ರವರೆಗೆ ಒಂದು ವರ್ಷ ಮನೆಯಲ್ಲಿರಿ. ಅದೂ ದಾಟಿದರೆ ಮಾತ್ರ ನೋಂದಣಿ ರದ್ದು. ಹಾಲಿಗೆ ನೀರು ಬೆರೆಸುವವನ ಕಿವಿಗೆ ಇದು ಬಿದ್ದರೆ ಎಮ್ಮೆ ಮಾರಿ ಪಿಎಚ್.ಡಿ.ಗೆ ಸೇರುತ್ತಾನೆ.

ಇಳಿಸುವ ವಿದ್ಯೆ ಸುಲಭ. ಕದ್ದ ವಾಕ್ಯವನ್ನು ಸಾಫ್ಟ್‌ವೇರಿಗೆ ಹಾಕಿದರೆ ಪದ ಪದಕ್ಕೂ ಪರ್ಯಾಯ ಉದುರುತ್ತದೆ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು ಇಂಥವನ್ನು ಪ್ರಕಟಿತ ಸಂಶೋಧನಾ ಲೇಖನಗಳಿಂದಲೇ ಹೆಕ್ಕಿ, ಚಿತ್ರಹಿಂಸೆ ಉಂಡ ಪದಗಳೆಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿದ್ದುದನ್ನು ನಮ್ಮ ಬಾಯಿಗೆ ತಂದರೆ, ಕೃತಕ ಬುದ್ಧಿಮತ್ತೆ ಹೋಗಿ ‘ಖೋಟಾ ಪ್ರಜ್ಞೆ’. ಸ್ತನ ಕ್ಯಾನ್ಸರ್ ಹೋಗಿ ‘ಎದೆಯ ಗಂಡಾಂತರ’. ಸಿಗ್ನಲ್ಲಿಗೂ ನಾಯ್ಸಿಗೂ ಇರುವ ಅನುಪಾತ ‘ಬಾವುಟ-ಗದ್ದಲ’ವಾಗಿತ್ತು. ಇದು ನನಗೆ ಬಹಳ ಹಿಡಿಸಿತು. ನಮ್ಮ ವಿಧಾನಸಭೆ ಅಧಿವೇಶನಕ್ಕೆ ಇಂಥದೊಂದು ಮಾಪಕ ಬೇಕೇ ಬೇಕಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಅಷ್ಟೂ ತ್ರಾಸವಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪು ಮಾಡಿಸಿದರಾಯಿತು. ನಮಗೆ ಕಾಣುವುದು ಕನ್ನಡ, ಯಂತ್ರಕ್ಕೆ ಕಾಣುವುದು ಟೋಪಿ, ಬಾಲ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ಯೂನಿಕೋಡಿನಲ್ಲಿರುವ ಮೂಲಕ್ಕೂ ಇದಕ್ಕೂ ತಾಳೆಯಾಗುವುದೆಲ್ಲಿಂದ? ತಂತ್ರಜ್ಞಾನದಲ್ಲಿ ಕನ್ನಡ ಹಿಂದುಳಿದಿದೆ ಎಂದು ಕೊರಗುವವರು ಈ ಲಾಭವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೇಷ್ಟ್ರುಗಳಿಗೆ ಬೇರೆ ಪಂಕ್ತಿ. ಅವರ ಲೇಖನ ಶೇ 60 ದಾಟಿ ಸಿಕ್ಕಿಬಿದ್ದರೆ, ಮೊದಲ ಸಲಕ್ಕೆ, ಲೇಖನ ವಾಪಸ್, ಎರಡು ಇನ್‌ಕ್ರಿಮೆಂಟ್ ಕಟ್, ಮೂರು ವರ್ಷ ಹೊಸಬರಿಗೆ ಗೈಡ್ ಆಗುವಂತಿಲ್ಲ. ಅಷ್ಟೇ ಕದ್ದ ವಿದ್ಯಾರ್ಥಿ ಮನೆಗೆ, ಮೇಷ್ಟ್ರು ಸ್ಟಾಫ್ ರೂಮಿಗೆ.

ನಗು ಬರುತ್ತಿಲ್ಲ, ಬಿಡಿ. ಮೊನ್ನೆ ಆ ಅಂಗಡಿಯ ಸ್ಟೂಲಿನ ಮೇಲೆ ಹುಡುಗಿಯೊಬ್ಬಳು ಕೂತಿದ್ದಳು. ಐದು ವರ್ಷ ಊರೂರು ಅಲೆದು ಹಾಡು ಬರೆದುಕೊಂಡವಳು. ಶೇ 14 ಬಂದಿದೆಯಂತೆ. ಯಂತ್ರದ ವರದಿಯಲ್ಲಿ ಕೆಂಪಾಗಿರುವುದೆಲ್ಲ ಅವಳು ಹೆಸರು ಹೇಳಿ ಎತ್ತಿಕೊಂಡ ಮಾತುಗಳೇ. ಅವು ಲೆಕ್ಕಕ್ಕಿಲ್ಲವೆಂದು ಅದೇ ನಿಯಮದಲ್ಲಿದೆ. ಅದನ್ನು ಓದುವ ಪುರಸೊತ್ತು ಗೈಡಿಗಿಲ್ಲ. ಅಂಕಿ ನೋಡಿ ‘ಇಳಿಸ್ಕೊಂಡು ಬಾ’ ಎಂದು ಕಳಿಸಿದ್ದಾರೆ.

ಅಂಗಡಿಯವನು ಪುಟ ಎಣಿಸಿದ. ‘ನಾಳೆ ಬಾ ಅಕ್ಕ, ಒಂಬತ್ತಕ್ಕೆ ತಂದಿಟ್ಟಿರ್ತೀನಿ.’